ಹನ್ನೊಂದು ತಿಂಗಳ ಮದುಮಗಳು

ಯಮಾಗಾತಾ, ಜಪಾನ್
೨೮ ಏಪ್ರಿಲ್ ೨೦೨೪

ವಾರಿಜಾ,

ಲಕೋಟೆಯ ಮೇಲೆ ಜಪಾನಿನ ಸ್ಟಾಂಪು ನೋಡಿ ಯಾರಪ್ಪಾ ಇದು ಎಂದು ಗಾಬರಿಯಾಗಬೇಡ. ನಾನೇ, ಲೈಡನ್ನಿನ ರಾಜೀವಿ. ನಿನ್ನ ಹೊಸ ಫೋನ್ ನಂಬರು ನನ್ನಲ್ಲಿಲ್ಲ, ಕೇಳಿದರೆ ಕೊಡುವವರೂ ಇಲ್ಲ. ದ ಹೇಗ್‌ನ ಆ ಮನೆಯನ್ನು ನೀವು ಬಿಟ್ಟಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು. ರೈಲಿನಲ್ಲಿ ಕಾಲು ಗಂಟೆಯ ದೂರದಲ್ಲಿದ್ದಾಗ ಬರೆಯದವಳು ಭೂಮಿಯ ಈ ತುದಿಗೆ ಬಂದು ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ನಗು.

ಮಗಳು ಸಂಪ್ರೀತಾಳನ್ನು ಅವಳ ವೆಲ್ಡ್‌ಹೋವನ್ನಿನ ಕಂಪನಿಯವರು ಎರಡು ವರ್ಷದ ಮಟ್ಟಿಗೆ ಇಲ್ಲಿಗೆ ಕಳಿಸಿದ್ದಾರೆ, ಚಿಪ್ ಮಾಡುವ ಯಂತ್ರಗಳನ್ನು ನೋಡಿಕೊಳ್ಳಲು. ಬೆಳಿಗ್ಗೆ ಹೋದವಳು ಕತ್ತಲಾದ ಮೇಲೆ ಬರುತ್ತಾಳೆ, ಅನ್ನದ ತಟ್ಟೆಯ ಎದುರೇ ತೂಕಡಿಸುತ್ತಾಳೆ. ಅವಳಿಗೆ ಬೇಯಿಸಿ ಹಾಕಲೆಂದು ನಾನು ಮೂರು ತಿಂಗಳಿಗೆ ಬಂದೆ. ನಮ್ಮವರು ಅಲ್ಲೇ ಇದ್ದಾರೆ, ಬ್ರೆಡ್ಡು ಚೀಸು ತಿಂದುಕೊಂಡು.

ಹೋದ ಭಾನುವಾರ ಅವಳು ನನ್ನನ್ನು ಯಮಾದೆರಾ ಎಂಬ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಬೆಟ್ಟವೇ ದೇವಸ್ಥಾನ. ಕೆಳಗಿನಿಂದ ತುದಿಯವರೆಗೆ ದೇವದಾರು ಮರಗಳ ನಡುವೆ ಕಲ್ಲಿನ ಮೆಟ್ಟಿಲು. ಈ ಸೀಮೆಯಲ್ಲಿ ಸತ್ತವರ ಆತ್ಮಗಳೆಲ್ಲ ಈ ಬೆಟ್ಟ ಹತ್ತುತ್ತವೆ ಎಂದು ನಂಬಿಕೆಯಂತೆ. ನನ್ನ ಮಂಡಿಯ ಗತಿ ನೋಡಿದರೆ ಸತ್ತ ಮೇಲೆ ಹತ್ತುವುದೇ ಸುಲಭ ಅನಿಸಿತು. ಸಂಪ್ರೀತಾ ಫೋನಿನಲ್ಲಿ ಕಥೆಗಳನ್ನು ಓದಿ ಹೇಳುತ್ತಿದ್ದಳು. ಒಬ್ಬ ಸನ್ಯಾಸಿ ಬಂದು ಕೇಳಿದಾಗ ಇಲ್ಲಿನ ಬೇಟೆಗಾರ ಬೆಟ್ಟವನ್ನು ಬಿಟ್ಟುಕೊಟ್ಟು ಬೇಟೆಯನ್ನೂ ಬಿಟ್ಟನಂತೆ. ಕಾಡಿನ ಪ್ರಾಣಿಗಳು ಖುಷಿಯಿಂದ ಅವನ ಮುಂದೆ ಕುಣಿದುವಂತೆ. ಸ್ವಲ್ಪ ಮೇಲೆ ಒಂದು ಸಣ್ಣ ಗುಡಿ. ಅದರಲ್ಲಿ ಜೋತುಬಿದ್ದ ಮೊಲೆಯ ಒಬ್ಬ ಮುದುಕಿ ಕೂತಿದ್ದಾಳೆ. ಸತ್ತವರು ನದಿ ದಾಟಿ ಬಂದಾಗ ಅವರ ಮೈಮೇಲಿನ ಬಟ್ಟೆ ಕಿತ್ತುಕೊಳ್ಳುವವಳು ಅವಳು. ಅವಳಿಂದ ಕೆಳಗೆ ನರಕ, ಮೇಲೆ ಸ್ವರ್ಗ. ಹಿಂದೆಲ್ಲ ಯಾತ್ರಿಕರು ಅಲ್ಲೇ ಹಳೆಯ ಬಟ್ಟೆಯನ್ನು ಅವಳಿಗೆ ಕೊಟ್ಟು ಹೊಸದು ಉಟ್ಟು ಮುಂದೆ ಹೋಗುತ್ತಿದ್ದರಂತೆ. ನನ್ನ ಈ ಹಳೆಯ ಸ್ವೆಟರ್ ಅವಳಿಗೂ ಬೇಡವಾದೀತು ಎಂದು ಹಾಕಿಕೊಂಡೇ ಹೋದೆ.

ದಾರಿಯ ಪಕ್ಕದಲ್ಲಿ ಮರದ ಕಂಬಗಳಿವೆ, ಕಂಬಕ್ಕೊಂದು ಚಿಕ್ಕ ಗಾಲಿ. ಸಣ್ಣ ಪ್ರಾಯದಲ್ಲಿ ಹೋದವರಿಗಾಗಿ ಅದನ್ನು ತಿರುಗಿಸಿದರೆ ಅವರು ಬೇಗ ಮತ್ತೆ ಹುಟ್ಟುತ್ತಾರಂತೆ. ನಾನು ಒಂದನ್ನು ತಿರುಗಿಸಿದೆ. ಆಮೇಲೆ ಇನ್ನೊಂದನ್ನೂ ತಿರುಗಿಸಿದೆ.

ತುದಿಯ ಮಂಟಪದೊಳಗೆ ಗೋಡೆಯ ತುಂಬ ಮದುವೆಯ ಚಿತ್ರಗಳು. ಮದುಮಗ, ಮದುಮಗಳು, ಕೆಲವುಗಳಲ್ಲಿ ಸುತ್ತ ನೆಂಟರು. ಏನು ಇದು, ಇಲ್ಲಿ ಮದುವೆ ಮಾಡಿಸುತ್ತಾರಾ ಎಂದು ಕೇಳಿದೆ. ಸಂಪ್ರೀತಾ ಓದಿಕೊಂಡು ಹೇಳಿದಳು. ಮದುವೆಯಾಗುವ ಮೊದಲೇ ಸತ್ತ ಮಕ್ಕಳಿಗೆ ತಂದೆತಾಯಿ ಬರೆಸಿಕೊಟ್ಟ ಚಿತ್ರಗಳವು. ಕೂಸಾಗಿ ಹೋದವರನ್ನೂ ಬೆಳೆದ ಗಂಡು ಹೆಣ್ಣಾಗಿ ಬರೆಸಿದ್ದಾರೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಕುಲೆ ಮದುವೆ ಅಲ್ವಾ ಮಾರಾಯ್ತಿ ಇದು! ಸಂಪ್ರೀತಾಳಿಗೆ ನಾನು ಬಿಡಿಸಿ ಹೇಳಬೇಕಾಯಿತು: ನಮ್ಮ ತುಳುನಾಡಿನಲ್ಲೂ ಸಣ್ಣದರಲ್ಲಿ ಹೋದ ಮಕ್ಕಳು ಆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮಳೆಗಾಲದ ಆಟಿ ತಿಂಗಳಲ್ಲಿ ಅಂಥದೇ ಇನ್ನೊಂದು ಮನೆಯ ಮಗುವನ್ನು ಹುಡುಕಿ ಶಾಸ್ತ್ರೋಕ್ತ ಮದುವೆ ಮಾಡುತ್ತೇವೆ, ಸೀರೆ, ಬಳೆ, ಕರಿಮಣಿ, ಊಟ ಎಲ್ಲ ಉಂಟು ಎಂದು. ಅವಳು "ಅಮ್ಮಾ, ಸೀರಿಯಸ್ಲೀ?" ಎಂದಳು. ಅವಳಿಗೆ ಅಣ್ಣ ಎಂದರೆ ಗೋಡೆಯ ಮೇಲಿನ ಫೋಟೋ, ತಪ್ಪಿಲ್ಲ.

ನಮ್ಮ ಹೃಷಿಕೇಶನಿಗೆ ಈಗ ಇಪ್ಪತ್ತೇಳು, ವಾರಿಜಾ. ಅಲ್ಲಿ ಕೂತಾಗ ನಿನ್ನ ನೆನಪಾಯಿತು. ಇಷ್ಟೇ ಹೇಳಲು ಬರೆದೆ.

ನಿನ್ನ
ರಾಜೀವಿ

*

ದ ಹೇಗ್
೧೬ ಮೇ ೨೦೨೪

ರಾಜೀವಿಗೆ,

ಪತ್ರ ಬಂದು ಕೆಲವು ದಿನವಾಯಿತು. ಮೈಕ್ರೋವೇವ್ ಮೇಲೆ ಇತ್ತು. ಹೋಗುವಾಗ ಬರುವಾಗ ನೋಡುತ್ತಿದ್ದೆ, ಒಡೆಯುವಷ್ಟು ತ್ರಾಣ ಇರಲಿಲ್ಲ. ಮುಂದಿನ ವರ್ಷ ನಿವೃತ್ತಿ. ಕಚೇರಿಯಲ್ಲಿ ಹಳೆಯ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನನಗೇ ಹಚ್ಚಿದ್ದಾರೆ. ಸಂಜೆ ಟ್ರಾಮಿನಲ್ಲಿ ಕೂತರೆ ನಿದ್ದೆ ಹತ್ತಿ ನಮ್ಮ ಸ್ಟಾಪು ದಾಟಿ ಹೋಗುತ್ತೇನೆ. ನಮ್ಮವರು, ಯತಿರಾಜ್, ನಿವೃತ್ತರಾಗಿ ಊರ ಹೊರಗೆ ಒಂದು ತುಂಡು ತೋಟ ಬಾಡಿಗೆಗೆ ಹಿಡಿದಿದ್ದಾರೆ. ಬೀನ್ಸು, ಆಲೂಗಡ್ಡೆ, ಮೌನ, ಈ ಮೂರನ್ನು ಬೆಳೆಯುತ್ತಾರೆ.

ನೀನು ನೆನಪಿನ ಮಾತೆತ್ತಿದ್ದೀಯಲ್ಲ, ನನ್ನ ನೆನಪನ್ನೂ ಕೇಳು. ಸಂಪ್ರೀತಾಳ ಹತ್ತನೇ ಹುಟ್ಟುಹಬ್ಬದ ದಿನ ನಿನ್ನ ಮನೆಯಲ್ಲಿ ಎಲ್ಲರೂ ಕೇಕ್ ತಿನ್ನುತ್ತಾ ಕೂತಿದ್ದಾಗ ನೀನು ನನಗೆ ಹೇಳಿದೆ, "ನೀನೂ ಇನ್ನೊಂದು ಹೆರಬೇಕಿತ್ತು ವಾರಿಜಾ, ಮರೆತು ಹೋಗುತ್ತಿತ್ತು." ನಾನು ತಟ್ಟೆ ಕೆಳಗಿಟ್ಟು ಎದ್ದು ಬಂದೆ. ನೀನು ಹಿಂದೆ ಬರಲಿಲ್ಲ. ಆಮೇಲೆ ಲೈಡನ್ನಿನಲ್ಲಿ ರೈಲು ನಿಂತಾಗಲೆಲ್ಲ ನಾನು ಕಿಟಕಿಯ ಆಚೆ ಬದಿಗೆ ನೋಡಿದ್ದೇನೆ. ನನಗೆ ಮರೆಯುವುದು ಬೇಕಾಗಿರಲಿಲ್ಲ, ಅಷ್ಟೇ.

ನನ್ನ ಮಗುವಿಗೆ ಹನ್ನೊಂದು ತಿಂಗಳು. ಎದ್ದು ನಿಲ್ಲುತ್ತಾಳೆ, ಕೈ ಬಿಟ್ಟರೆ ಕುಕ್ಕರಿಸುತ್ತಾಳೆ. ಕೆಳಗೆ ಎರಡು ಹಲ್ಲು. ಹೃದಯದ ತೊಂದರೆಯಿಂದ ಉಗುರು ಸ್ವಲ್ಪ ನೀಲಿ. ಭಾನುವಾರ ಅವಳ ಸಮಾಧಿಗೆ ಹೋಗುತ್ತೇನೆ, ಅಲ್ಲಿ ಸುತ್ತಲೂ ಮಕ್ಕಳದ್ದೇ. ಡಚ್ಚರು ಗೊಂಬೆ, ಗಾಳಿಗಿರಗಟ್ಟೆ ತಂದು ಚುಚ್ಚಿರುತ್ತಾರೆ, ನಾನೂ ಚುಚ್ಚಿದ್ದೇನೆ. ಗಾಳಿಗೆ ಬಣ್ಣ ಹೋದಾಗ ಬದಲಿಸುತ್ತೇನೆ. ಅಲ್ಲಿ ಯಾರ ಮಕ್ಕಳೂ ಬೆಳೆಯುವುದಿಲ್ಲ. ಬೆಳೆಯುವುದು ಬೇಡ ಎಂದೇ ನಾವೆಲ್ಲ ಅಲ್ಲಿಗೆ ಹೋಗುವುದು.

ಬರೆಯುವುದಾದರೆ ಜಪಾನಿನ ವಿಷಯ ಬರೆ. ಬಟ್ಟೆ ಕಿತ್ತುಕೊಳ್ಳುವ ಮುದುಕಿಯ ಕಥೆಯನ್ನು ಇವರಿಗೆ ಓದಿ ಹೇಳಿದೆ, ನಕ್ಕರು. ಇವರು ನಕ್ಕು ಬಹಳ ದಿನವಾಗಿತ್ತು. ಫೋನ್ ನಂಬರು ಕೇಳಬೇಡ. ಮಾತಾಡಿದರೆ ಜಗಳವಾಗುತ್ತದೆ, ಜಗಳಕ್ಕೆ ನನ್ನಲ್ಲಿ ಶಕ್ತಿ ಉಳಿದಿಲ್ಲ.

ವಾರಿಜಾ

*

ಯಮಾಗಾತಾ
೧ ಜೂನ್ ೨೦೨೪

ಶ್ರೀಮತಿ ವಾರಿಜಾ ಯತಿರಾಜ್ ಅವರಿಗೆ,

ಗಂಡಿನ ಕಡೆಯವಳಾಗಿ ಬರೆಯುತ್ತಿದ್ದೇನೆ, ಆದ್ದರಿಂದ ನೀವು ಎನ್ನುತ್ತೇನೆ. ವೀಳ್ಯದೆಲೆ ಇಲ್ಲಿ ಸಿಗುವುದಿಲ್ಲ, ಇದ್ದರೆ ಲಕೋಟೆಯೊಳಗೆ ಇಡುತ್ತಿದ್ದೆ.

ನನ್ನ ಮಗ ಹೃಷಿಕೇಶನಿಗೆ ನಿಮ್ಮ ಮಗಳು ಇಂಚರಾಳನ್ನು ಕೇಳುತ್ತಿದ್ದೇನೆ. ನನ್ನ ತಾಯಿಯ ಕಡೆಯ ಬರಿ ಸಾಲ್ಯಾನ್, ನಿಮ್ಮದು ಕರ್ಕೇರ. ಕುಲದ ಹೆಸರು ಬೇರೆ ಬೇರೆ, ಅಡ್ಡಿಯಿಲ್ಲ. ಹುಡುಗ ಎರಡು ವರ್ಷಕ್ಕೆ ದೊಡ್ಡವನು, ಅದೂ ಸರಿಯಾಗಿದೆ. ಹುಡುಗ ನೋಡಿದವನೇ. ಲೈಡನ್ನಿನಲ್ಲಿ ನಾವು ಮೇಲೆ ಕೆಳಗೆ ಇದ್ದಾಗ ನಿಮ್ಮ ತೊಟ್ಟಿಲನ್ನು ಜೋರಾಗಿ ತೂಗಿ ನಿಮ್ಮಿಂದ ಬೈಸಿಕೊಂಡವನು. ನೀವೇ ಎಷ್ಟೋ ಸಲ ಅವನಿಗೆ ಎಣ್ಣೆ ಹಚ್ಚಿ ಮೀಯಿಸಿದ್ದೀರಿ. ಒಂದೇ ಚಳಿಗಾಲದಲ್ಲಿ ಇಬ್ಬರೂ ಹೋದರು, ಅವನು ಜ್ವರ ನೆತ್ತಿಗೇರಿ, ಅವಳು ಆಮೇಲೆ ಎರಡು ತಿಂಗಳಿಗೆ.

ಉಡುಪಿಯಲ್ಲಿ ನನ್ನ ಅತ್ತೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ್ದಾರೆ. ಸಂಪ್ರೀತಾಳಿಗೆ ಬಂದ ಸಂಬಂಧಗಳು ತಪ್ಪುತ್ತಿರುವುದು ಅಣ್ಣನಿಗೆ ಇನ್ನೂ ಮದುವೆ ಆಗದ್ದರಿಂದ ಎಂದು ಬಂತಂತೆ. ನಾನು ಅದಕ್ಕಾಗಿ ಕೇಳುತ್ತಿಲ್ಲ. ಸಂಪ್ರೀತಾಳಿಗೆ ಮದುವೆಯೇ ಬೇಡವಂತೆ, ಆ ಸಂಬಂಧಗಳನ್ನು ತಪ್ಪಿಸಿದ್ದು ಅವಳೇ.

ಏತಕ್ಕೆ ಕೇಳುತ್ತಿದ್ದೇನೆ ಎಂದರೆ, ನಾನು ಆ ಬೆಟ್ಟಕ್ಕೆ ಮತ್ತೆ ಒಬ್ಬಳೇ ಹೋಗಿದ್ದೆ. ಚಿತ್ರಗಳಲ್ಲಿ ಎಲ್ಲರೂ ಜೊತೆಯಾಗಿ ಕೂತಿದ್ದರು. ನನ್ನವನು ಇಷ್ಟು ವರ್ಷ ಒಬ್ಬನೇ ಇದ್ದಾನಲ್ಲ ಎಂದು ನನಗೆ ಅಳು ಬಂತು, ಯಾರೋ ಜಪಾನಿ ಹೆಂಗಸು ಕರವಸ್ತ್ರ ಕೊಟ್ಟಳು. ನನಗೂ ದಣಿವಾಗಿದೆ. ನಾನು ಹೋದ ಮೇಲೆ ಅವನ ಹೆಸರು ಹೇಳುವವರು ಯಾರು? ಮದುವೆಯಾದರೆ ಎರಡು ಮನೆಯವರು ಸೇರಿ ವರ್ಷಕ್ಕೊಮ್ಮೆಯಾದರೂ ಎರಡು ಎಲೆ ಹಾಕಿ ಬಡಿಸುತ್ತೇವೆ. ಅವನನ್ನು ಬೇರೆ ಯಾರ ಮನೆಗೋ ಕೊಡಲು ನನಗೆ ಮನಸ್ಸಿಲ್ಲ.

ಆ ದಿನ ಕೇಕ್ ತಿನ್ನುವಾಗ ಹಾಗೆ ಹೇಳಿದ ನೆನಪು ನನಗಿಲ್ಲ. ನೀವು ಎದ್ದು ಹೋದದ್ದು ನೆನಪಿದೆ, ತಲೆನೋವೆಂದು ಯತಿರಾಜ್ ಹೇಳಿದ್ದೂ ನೆನಪಿದೆ.

ಉತ್ತರಕ್ಕೆ ಕಾಯುತ್ತೇನೆ.

ರಾಜೀವಿ
ಹೃಷಿಕೇಶನ ತಾಯಿ

*

ದ ಹೇಗ್
೧೪ ಜೂನ್ ೨೦೨೪

ರಾಜೀವಿ,

ಗಂಡಿನ ಕಡೆಯವರು ಕೇಳುವುದು ಕ್ರಮ. ಹೆಣ್ಣಿನ ಕಡೆಯವರಿಗೆ ಇಲ್ಲ ಎನ್ನುವ ಹಕ್ಕೂ ಉಂಟು. ಇಲ್ಲ.

ನಿನ್ನ ಮಗ ಒಳ್ಳೆಯವನೇ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಎರಡು ಹಲ್ಲಿನ ಕೂಸಿಗೆ ಯಾರು ಕರಿಮಣಿ ಕಟ್ಟುತ್ತಾರೆ? ಅವಳನ್ನು ಮದುಮಗಳು ಮಾಡಬೇಕಾದರೆ ನಾನು ಮೊದಲು ಅವಳನ್ನು ದೊಡ್ಡವಳು ಮಾಡಬೇಕು. ದೊಡ್ಡವಳಾದರೆ ಆ ಕೂಸು ಎಲ್ಲಿಗೆ ಹೋಗುತ್ತದೆ? ನನ್ನ ಕೈಯಲ್ಲಿ ಉಳಿದದ್ದು ಅದೊಂದೇ.

ಕೋಪ ಇಲ್ಲ. ಸುಸ್ತು. ನೀನು ಹೆಣ್ಣು ಕೇಳಿದ ವಿಷಯ ಇವರಿಗೆ ಹೇಳಿಲ್ಲ. ನೀನು ಬೇರೆ ಹೆಣ್ಣು ನೋಡು.

ವಾರಿಜಾ

*

ಯಮಾಗಾತಾ
೨೭ ಜೂನ್ ೨೦೨೪

ವಾರಿಜಾ,

ಮೊದಲು ಒಂದು ಮಾತು ಹೇಳು, ನೀನು ಹುಷಾರಾಗಿದ್ದೀಯಲ್ವಾ? ಈ ಪತ್ರ ಕೈಗೆ ಸಿಕ್ಕ ದಿನವೇ ಲಕೋಟೆಯ ಹಿಂದೆ ಬರೆದ ನಂಬರಿಗೆ ಒಂದು ಮೆಸೇಜ್ ಹಾಕು. ಹುಷಾರು ಎಂಬ ಒಂದು ಪದ ಸಾಕು. ಎದೆನೋವು, ತಲೆ ತಿರುಗುವುದು ಏನಾದರೂ ಇದ್ದರೆ ಡಾಕ್ಟರಿಗೆ ಫೋನ್ ಮಾಡು, ಪ್ಯಾರಾಸಿಟಮಾಲ್ ತಿಂದು ಮಲಗಿ ಎಂದು ಅವರು ಹೇಳಿದರೆ ಬಿಡಬೇಡ.

ಏನಾಯಿತೆಂದು ಹೇಳುತ್ತೇನೆ, ಬೈಯುವುದನ್ನು ಕೊನೆಗೆ ಇಟ್ಟುಕೋ. ನೀನು ಇಲ್ಲ ಎಂದೆ. ನಾನು ಒಪ್ಪಿಕೊಂಡೆ. ಇಲ್ಲಿನವರಿಗೆ ಜೋಡಿ ಸಿಗದಿದ್ದರೆ ಇಲ್ಲದ ಒಬ್ಬ ಹುಡುಗಿಯನ್ನು ಕಲ್ಪಿಸಿ ಬರೆಸುತ್ತಾರೆ, ಹೆಸರೂ ಕಲ್ಪನೆಯದೇ. ನಾನೂ ಹಾಗೇ ಮಾಡೋಣ ಎಂದುಕೊಂಡೆ. ಪೇಟೆಯಲ್ಲಿ ಇಂಥ ಚಿತ್ರ ಬರೆಯುವ ಒಬ್ಬ ಅಜ್ಜಿ ಇದ್ದಾಳೆ. ಹೃಷಿಯ ಫೋಟೋ, ಅವನ ಅಪ್ಪನ ಫೋಟೋ ಕೊಟ್ಟೆ, ಎರಡನ್ನೂ ಸೇರಿಸಿ ಎಷ್ಟು ಚಂದದ ಗಂಡು ಮಾಡಿದಳು ಗೊತ್ತುಂಟಾ, ಹುಬ್ಬು ನಮ್ಮವರದ್ದೇ. ಹೆಣ್ಣಿಗೆ ಏನು ಉಡಿಸುವುದು, ಅಜ್ಜಿ ಸೀರೆಯನ್ನೇ ನೋಡಿಲ್ಲ. ನನ್ನ ಫೋನಿನಲ್ಲಿ ಹುಡುಕಿದಾಗ ನಿನ್ನ ಹಳೆಯ ಫೋಟೋ ಸಿಕ್ಕಿತು. ಲೈಡನ್ನಿನ ದೀಪಾವಳಿಯದ್ದು, ಹಸಿರು ರೇಷ್ಮೆ ಉಟ್ಟು ಮಲ್ಲಿಗೆ ಮುಡಿದದ್ದು. ಸೆರಗು ಹೀಗೆ, ಹೂವು ಹೀಗೆ ಎಂದು ತೋರಿಸಲು ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದರೆ ಅಜ್ಜಿ ಮುಖವನ್ನೂ ನಿನ್ನದೇ ಬರೆದಿದ್ದಾಳೆ.

ನಾನು ಆಗಲೇ ಅಳಿಸಿ ಎನ್ನಬೇಕಿತ್ತು. ಎನ್ನಲಿಲ್ಲ. ಮಗಳು ತಾಯಿಯ ಹಾಗೇ ಇರುತ್ತಾಳಲ್ಲ ಎಂದು ಸಂತೋಷವಾಯಿತು, ಕಟ್ಟಿಸಿಕೊಂಡು ಬೆಟ್ಟ ಹತ್ತಿದೆ. ಮೇಲಿನ ಸನ್ಯಾಸಿ ಚಿತ್ರ ನೋಡಿ, ಹೆಣ್ಣಿನ ಮುಖ ಯಾರದ್ದು ಎಂದು ಕೇಳಿದರು. ಅಮ್ಮನ ಸ್ನೇಹಿತೆ, ದ ಹೇಗ್‌ನಲ್ಲಿದ್ದಾರೆ ಎಂದು ಸಂಪ್ರೀತಾ ಹೇಳಿಬಿಟ್ಟಳು. ಅವರು ಚಿತ್ರವನ್ನು ಮಗುಚಿ ಇಟ್ಟರು. ಬದುಕಿರುವವರ ಮುಖವನ್ನಾಗಲಿ ಹೆಸರನ್ನಾಗಲಿ ಸತ್ತವರ ಪಕ್ಕದಲ್ಲಿ ಕೂರಿಸಬಾರದಂತೆ. ಕೂರಿಸಿದರೆ ಸತ್ತವರು ಬಂದು ಆ ಮನುಷ್ಯರನ್ನು ಕರೆದುಕೊಂಡು ಹೋಗುತ್ತಾರಂತೆ. ಬೇಸರ ಮಾಡಿಕೊಳ್ಳಬೇಡಿ, ಮುಖ ಬದಲಿಸಿ ತನ್ನಿ ಎಂದರು. ಇಳಿದು ಬಂದವಳೇ ಇದನ್ನು ಬರೆಯುತ್ತಿದ್ದೇನೆ.

ಚಿತ್ರದ ಫೋಟೋ ಒಳಗೆ ಇಟ್ಟಿದ್ದೇನೆ. ನೋಡಿ ಹರಿದುಬಿಡು. ಬೇಗ ಮೆಸೇಜ್ ಹಾಕು.

ರಾಜೀವಿ

*

ದ ಹೇಗ್
೮ ಜುಲೈ ೨೦೨೪

ರಾಜೀವಿ,

ಮೆಸೇಜ್ ಸಿಕ್ಕಿರಬೇಕು. ಬದುಕಿದ್ದೇನೆ. ನೆಗಡಿ ಇತ್ತು, ಅದಕ್ಕೂ ನಿನ್ನ ಬೆಟ್ಟಕ್ಕೂ ಸಂಬಂಧವಿಲ್ಲ, ಜುಲೈಯಲ್ಲೂ ಸ್ವೆಟರ್ ಹಾಕಿಸುವ ಈ ದೇಶದ ಹವೆಗೆ ಸಂಬಂಧ. ನಿನ್ನ ಮಗನಿಗೆ ನನ್ನನ್ನೇ ಕಟ್ಟಲು ಹೊರಟೆಯಲ್ಲ, ಮಳ್ಳಿ! ಅವನ ಅಜ್ಜಿಯ ಪ್ರಾಯ ನನಗೆ. ಓದಿ ಎಷ್ಟು ನಕ್ಕೆನೆಂದರೆ ಯತಿರಾಜ್ ತೋಟದಿಂದ ತಂದ ಬೀನ್ಸನ್ನು ಬಾಗಿಲಲ್ಲೇ ಇಟ್ಟು ಒಳಗೆ ಬಂದರು. ಬಚ್ಚಿಡಲು ಪುರುಸೊತ್ತಾಗಲಿಲ್ಲ. ಚಿತ್ರ ಮೇಜಿನ ಮೇಲಿತ್ತು.

ಇನ್ನು ಹೇಳುವುದನ್ನು ನಗುತ್ತಾ ಬರೆಯಲಾಗುವುದಿಲ್ಲ. ಇವರು ಕೈ ಒರೆಸಿಕೊಂಡು ಚಿತ್ರ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಯಾರ ಮದುವೆ ಎಂದು ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ, ಬೆಟ್ಟದ ಮದುವೆಯ ಚಿತ್ರಗಳು, ನೀನು ಕೇಳಿದ್ದು, ನಾನು ಇಲ್ಲ ಎಂದದ್ದು. ಇವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಇದು ನೀನು. ಇಂಚರಾ ಹೀಗಿಲ್ಲ" ಎಂದರು.

ಅವಳ ಹೆಸರನ್ನು ಈ ಮನುಷ್ಯ ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಯಿತೋ. ಮತ್ತೆ ಹೇಗಿದ್ದಾಳೆ ಎಂದು ನಾನು ಕೇಳಿದೆ, ಜಗಳಕ್ಕೆ ನಿಂತವಳ ಹಾಗೆ.

ಇವರು ಕೂತರು. ಕೂತು ಹೇಳಿದರು, ರಾಜೀವಿ. ಗಲ್ಲ ನಮ್ಮ ಅಕ್ಕನದ್ದು, ಸ್ವಲ್ಪ ಚೂಪು. ಕಿವಿ ಮುಂದಕ್ಕೆ ಬಾಗಿದೆ, ಅದನ್ನು ಮುಚ್ಚಲು ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಾಳೆ. ನಿನಗಿಂತ ಎತ್ತರ. ಈಜು ಕಲಿಯಲು ಮೊದಲು ಬಹಳ ಅತ್ತಳು, ಆಮೇಲೆ ಡಿಪ್ಲೊಮಾ ತಗೊಂಡಳು. ಆರು ತುಂಬಿ ಗ್ರೂಪ್ ಮೂರಕ್ಕೆ ಹೋದ ವರ್ಷ ಓದಲು ಕಲಿತಳು. ಹನ್ನೆರಡಕ್ಕೆ ದೊಡ್ಡ ಶಾಲೆಗೆ ಸೈಕಲ್ ತುಳಿದಳು, ಮಳೆಯಲ್ಲಿ ತೊಯ್ದು ಬಂದು ನಿನ್ನ ಹತ್ತಿರ ಬೈಸಿಕೊಂಡಳು. ಇವರು ಪ್ರತಿ ವರ್ಷ ಅವಳನ್ನು ಒಂದೊಂದು ತರಗತಿ ಮೇಲಕ್ಕೆ ಹತ್ತಿಸಿದ್ದಾರೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಇವರು ಕೆಲಸಕ್ಕೆ ತಡವಾಗಿ ಹೊರಡುತ್ತಿದ್ದುದು ನನಗೆ ಗೊತ್ತಿತ್ತು. ಶಾಲೆಯ ಎದುರು ಸೈಕಲ್ ನಿಲ್ಲಿಸಿ ಅವಳ ಪ್ರಾಯದ ಮಕ್ಕಳು ಒಳಗೆ ಹೋಗುವುದನ್ನು ನೋಡುತ್ತಿದ್ದರಂತೆ, ಎತ್ತರ ಎಷ್ಟಾಗಿರಬಹುದು ಎಂದು ತಿಳಿಯಲು.

ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ನ ಹತ್ತಿರ ಕೂಸು ಇತ್ತಲ್ಲ. ಅದನ್ನು ಯಾಕೆ ತೆಗೆಯುವುದು ಅಂತ" ಎಂದರು.

ನನಗೆ ಹೊಟ್ಟೆಕಿಚ್ಚಾಯಿತು. ಇವರ ಹತ್ತಿರ ಇಪ್ಪತ್ತೈದು ವರ್ಷದ ಮಗಳು ಇದ್ದಾಳೆ, ನನ್ನ ಹತ್ತಿರ ಹನ್ನೊಂದು ತಿಂಗಳು. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಮಗುವನ್ನು ಸಾಕಿದ್ದೇವೆ. ಸಿಟ್ಟು, ದುಃಖ, ಎಲ್ಲ ಒಟ್ಟಿಗೆ ಬಂತು, ಬೀನ್ಸು ಸೋಸುತ್ತಾ ಇಬ್ಬರೂ ಅತ್ತೆವು.

ಆ ಚಿತ್ರದಲ್ಲಿ ನನ್ನ ಮುಖ ಇರುವುದು ತಪ್ಪು. ದೆವ್ವ ಬಂದು ಎಳೆದುಕೊಂಡು ಹೋದೀತು ಎಂದಲ್ಲ. ಅದು ಅವಳ ಮುಖ ಅಲ್ಲ. ಬೇರೆ ಯಾವುದೋ ಕಲ್ಪನೆಯ ಹುಡುಗಿಯನ್ನು ಹೃಷಿಯ ಪಕ್ಕದಲ್ಲಿ ಕೂರಿಸುವುದೂ ಬೇಡ. ನಾನು ಮೀಯಿಸಿದ ಹುಡುಗ ಅವನು. ಇದರೊಂದಿಗೆ ಇವರ ಅಕ್ಕನ ಫೋಟೋ ಇಟ್ಟಿದ್ದೇನೆ, ಅವರು ತೀರಿಕೊಂಡು ಆರು ವರ್ಷವಾಯಿತು, ನಿನ್ನ ಸನ್ಯಾಸಿ ಕೇಳಿದರೆ ಹೇಳು. ಕಣ್ಣು ಮಾತ್ರ ಇಂಚರಾಳದ್ದೇ ಬೇಕು, ಅದಕ್ಕೆ ಅವಳ ಫೋಟೋವನ್ನೂ ಇಟ್ಟಿದ್ದೇನೆ. ನನ್ನ ಹತ್ತಿರ ಇದ್ದದ್ದು ಇದೊಂದೇ ಮೂಲ ಪ್ರತಿ, ಜೋಪಾನ. ಕೂದಲು ಕುತ್ತಿಗೆಯವರೆಗೆ, ಇವರು ಒತ್ತಿ ಹೇಳಿದ್ದಾರೆ. ಹೂವು ಅಷ್ಟರಲ್ಲೇ ಹೇಗಾದರೂ ಮುಡಿಸಲಿ.

ಹೆಣ್ಣು ಕೊಡುತ್ತೇವೆ.

ವಾರಿಜಾ

*

ಲೈಡನ್
೨೪ ಜುಲೈ ೨೦೨೪

ವಾರಿಜಾ,

ಮೊನ್ನೆ ಬಂದು ಇಳಿದೆ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ಪತ್ರ ಓದಿದ ಮೇಲೆ ಮಾತು ಬರುವುದಿಲ್ಲವೆಂದು ಹೆದರಿಕೆ. ಅಜ್ಜಿ ಮುಖ ತಿದ್ದಿಕೊಟ್ಟಳು. ಹೊರಡುವ ಹಿಂದಿನ ದಿನ ಸಂಪ್ರೀತಾ ಕೆಲಸಕ್ಕೆ ರಜೆ ಹಾಕಿ ತಾನೇ ಚಿತ್ರವನ್ನು ಹೊತ್ತು ಬೆಟ್ಟ ಹತ್ತಿದಳು, ನನಗೆ ಮುಟ್ಟಲು ಬಿಡಲಿಲ್ಲ. ಸನ್ಯಾಸಿ ನೋಡಿದರು, ತಲೆಯಾಡಿಸಿದರು, ಒಳಗೆ ತೆಗೆದುಕೊಂಡರು. ನಿನ್ನ ಮಗಳು ಸ್ವಲ್ಪ ಜಂಬದವಳ ಹಾಗೆ ಕಾಣುತ್ತಾಳೆ. ನನ್ನ ಮಗನಿಗೆ ಅಂಥವಳೇ ಬೇಕು.

ಆಟಿ ಅಮಾವಾಸ್ಯೆ ಆಗಸ್ಟ್ ನಾಲ್ಕಕ್ಕೆ, ಭಾನುವಾರ. ಉಡುಪಿಯಲ್ಲೇ ಮಾಡಬೇಕೆಂದು ಅತ್ತೆ ಹಟ ಹಿಡಿದರು. ಮಕ್ಕಳು ಇಲ್ಲಿ ಹುಟ್ಟಿ ಇಲ್ಲೇ ಹೋದವರು, ಇಲ್ಲೇ ಆಗಲಿ ಎಂದು ನಮ್ಮವರು ಗಟ್ಟಿಯಾಗಿ ಹೇಳಿದರು. ನಮ್ಮ ಮನೆಯಲ್ಲೇ ಮಾಡೋಣ. ಎರಡು ಕುರ್ಚಿ ಇಟ್ಟು ಬಟ್ಟೆ ಒಡವೆ ಹಾಕಿ ಕೂರಿಸುವುದು, ಧಾರೆ, ಆಮೇಲೆ ಊಟ. ಸೀರೆ ಗಂಡಿನ ಕಡೆಯಿಂದ, ಬಳೆ ನಿಮ್ಮ ಕಡೆಯಿಂದ. ರವಿಕೆ ನಾನೇ ಹೊಲಿಯುತ್ತೇನೆ. ಅಳತೆ ಕಳಿಸು.

ರಾಜೀವಿ

*

ದ ಹೇಗ್
೩೦ ಜುಲೈ ೨೦೨೪

ರಾಜೀವಿ,

ಅಳತೆ ಕಳಿಸು ಎಂದು ಎಷ್ಟು ಸಲೀಸಾಗಿ ಬರೆದೆ ನೀನು. ಟೇಪು ಹಿಡಿದು ಕನ್ನಡಿಯ ಮುಂದೆ ನಿಂತೆ. ನನ್ನ ಅಳತೆ ಹಾಕಿದರೆ ಸಡಿಲವಾಗುತ್ತದೆ, ನನ್ನ ಇಪ್ಪತ್ತೈದರ ಅಳತೆ ನನಗೇ ಮರೆತಿದೆ. ಕೊನೆಗೆ ಹಳೆಯ ಪೆಟ್ಟಿಗೆ ತೆಗೆದೆ. ಅವಳನ್ನು ಹೆರುವ ಮೊದಲು ಹಾಕುತ್ತಿದ್ದ ರವಿಕೆ ಒಂದು ಸಿಕ್ಕಿತು. ಅದನ್ನೇ ಇದರೊಟ್ಟಿಗೆ ಕಳಿಸುತ್ತಿದ್ದೇನೆ. ತೋಳು ಒಂದಿಂಚು ಉದ್ದ ಇಡು, ಅವಳು ಎತ್ತರ. ಈಗಿನ ಹುಡುಗಿಯರಿಗೆ ಬೆನ್ನು ಸ್ವಲ್ಪ ಇಳಿಸಿದರೆ ಇಷ್ಟ, ಆದರೆ ಬಹಳ ಇಳಿಸಬೇಡ.

ನಿನ್ನೆ ಕಚೇರಿಗೆ ರಜೆ ಹಾಕಿ ಟ್ರಾಮಿನಲ್ಲಿ ಪಾಲ್ ಕ್ರೂಗರ್‌ಲಾನ್ ಬೀದಿಗೆ ಬಳೆ ತರಲು ಹೋದೆ. ಅಂಗಡಿಯವಳು ಸುರಿನಾಮಿನಿಂದ ಬಂದ ಹಿಂದೂ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಹಸಿರು ಗಾಜಿನ ಬಳೆ ಬೇಕು ಎಂದೆ. ಸೈಜು ಕೇಳಿದಳು. ಯಾವ ಕೈಯದ್ದು ಹೇಳಲಿ, ರಾಜೀವಿ. ಆ ಕೈಯನ್ನು ನಾನು ಹಿಡಿದಿದ್ದೇನೆ, ಅಷ್ಟೂ ಬೆರಳು ನನ್ನ ಒಂದು ಹೆಬ್ಬೆರಳನ್ನು ಸುತ್ತುವಷ್ಟು. ಆ ಕೈಗೆ ಬಳೆಯೇ ಸಿಗುವುದಿಲ್ಲ. ಬಂದ ದಾರಿಯಲ್ಲೇ ವಾಪಸು ಹೋಗಿಬಿಡಲೇ ಎನಿಸಿತು. ಆಮೇಲೆ ನನ್ನ ಕೈ ಮುಂದಕ್ಕೆ ಚಾಚಿದೆ. ಇದರದ್ದೇ ಸೈಜು ಕೊಡಿ, ಕೈ ಮಾತ್ರ ಅವಳಿಗೆ ನನ್ನದೇ ಬಂದಿದೆ ಎಂದೆ. ಯತಿರಾಜ್‌ಗೆ ಗೊತ್ತಿಲ್ಲದ ಒಂದು ವಿಷಯವಾದರೂ ನನಗೆ ಗೊತ್ತಿರಬೇಕಲ್ಲ.

ಅವಳು ಬಳೆಗಳನ್ನು ಒಂದೊಂದಾಗಿ ನನ್ನ ಕೈಗೆ ಹಾಕಿ ನೋಡಿದಳು. ಏನು ವಿಶೇಷ ಎಂದಳು. ಭಾನುವಾರ ಮಗಳ ಮದುವೆ ಎಂದೆ. ಅಷ್ಟು ಜೋರಾಗಿ ಹೇಳುವ ಉದ್ದೇಶ ಇರಲಿಲ್ಲ, ಪಕ್ಕದಲ್ಲಿ ಅಕ್ಕಿ ಕೊಳ್ಳುತ್ತಿದ್ದವರೂ ತಿರುಗಿ ನೋಡಿದರು.

ಈ ದೇಶದವರ ಕ್ರಮ ನಿನಗೆ ಗೊತ್ತಲ್ಲ. ಮಕ್ಕಳ ಹುಟ್ಟುಹಬ್ಬವಾಗಲಿ ಮದುವೆಯಾಗಲಿ, ಹೆತ್ತವರ ಕೈಯನ್ನೂ ಕುಲುಕಿ ನಿಮ್ಮ ಮಗಳಿಗಾಗಿ ನಿಮಗೆ ಅಭಿನಂದನೆ ಎನ್ನುತ್ತಾರೆ. ಕಚೇರಿಯಲ್ಲಿ ಎಷ್ಟು ತಾಯಂದಿರಿಗೆ ನಾನು ಹಾಗೆ ಹೇಳಿದ್ದೇನೋ, ಲೆಕ್ಕವಿಲ್ಲ. ಇಂಚರಾ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನರ್ಸುಗಳು ನನಗೆ ಹೇಳಿದ್ದರು. ಮೊದಲ ಹುಟ್ಟುಹಬ್ಬಕ್ಕೆ ಒಂದು ತಿಂಗಳು ಉಳಿದಿತ್ತು. ಆಮೇಲೆ ಯಾರೂ ಹೇಳಿರಲಿಲ್ಲ.

ಅಂಗಡಿಯವಳು ಬಳೆ ಕಟ್ಟುವುದನ್ನು ನಿಲ್ಲಿಸಿ ಗಲ್ಲಾದ ಹಿಂದಿನಿಂದ ಈಚೆ ಬಂದಳು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಗೆಫೆಲಿಸಿತೇರ್ಡ್ ಮೆತ್ ಉವ್ ದೊಖ್ತರ್" ಎಂದಳು. ಅಕ್ಕಿ ಕೊಳ್ಳುತ್ತಿದ್ದ ಮುದುಕನೂ ಚೀಲ ಕೆಳಗಿಟ್ಟು ಬಂದು ಕೈ ಕುಲುಕಿ ಅದನ್ನೇ ಹೇಳಿದ. ನಿಮ್ಮ ಮಗಳಿಗಾಗಿ ಅಭಿನಂದನೆ.

ಥ್ಯಾಂಕ್ ಯೂ ಎಂದೆ. ಹೌದು, ನಮಗೆ ಬಹಳ ಸಂತೋಷ ಎಂದೆ.

ಇಂಚರಾಳ ಅಮ್ಮ,
ವಾರಿಜಾ